ಹನಿಯೋ, ಸೂಜಿಯೋ?

ಮಧುಗಿರಿ, ಶಿರಾ, ಕೊರಟಗೆರೆ ಕಡೆಯ ಹಿರಿಯರಿಗೆ ಕಣ್ಣಿನ ಪೊರೆಗಿಂತ ಸೂಜಿಯದೇ ಹೆಚ್ಚು ದಿಗಿಲು. ಪಾವಗಡದಲ್ಲೇ ಶಾರದಾದೇವಿ ಕಣ್ಣಿನ ಆಸ್ಪತ್ರೆ ಇದ್ದರೂ ಆಪರೇಷನ್ ಮುಂದೂಡುವವರಿಗೇನೂ ಬರವಿಲ್ಲ.

1884ರಲ್ಲಿ ವಿಯೆನ್ನಾದ ಕಾರ್ಲ್ ಕೊಲ್ಲರ್ ಕೊಕೇನ್ ಹನಿಯಿಂದ ಕಣ್ಣನ್ನು ಮರಗಟ್ಟಿಸಿದ. ಆಮೇಲೆ ಬಂದ ಸೂಜಿ ಗುಡ್ಡೆಯ ಹಿಂದಕ್ಕೇ ಹೋಗುತ್ತಿತ್ತು. ಕೆಲಸ ಪಕ್ಕಾ, ಆದರೆ ನರಕ್ಕೋ ರಕ್ತನಾಳಕ್ಕೋ ತಾಗುವ ಭಯ. ಗುಡ್ಡೆಯ ಸುತ್ತ ಕೊಡುವ ಪೆರಿಬಲ್ಬಾರ್ ಇಂಜೆಕ್ಷನ್‌ಗೆ ಅಪಾಯ ಕಡಿಮೆ, ಹಿಡಿಯುವುದು ತುಸು ನಿಧಾನ. ಸೂಜಿಯಲ್ಲಿ ಕೊಡುವ ಮದ್ದುಗಳಲ್ಲಿ ಲಿಗ್ನೋಕೇನ್ ಬೇಗ ಹಿಡಿಯುತ್ತದೆ, ಜೊತೆಗೆ ಬೆರೆಸಿದ ಬುಪಿವಕೇನ್ ಹೆಚ್ಚು ಹೊತ್ತು ನಿಲ್ಲುತ್ತದೆ. ಮದ್ದು ಕೊಟ್ಟ ಮೇಲೆ ಡಾಕ್ಟರು ಕಣ್ಣನ್ನು ಹದವಾಗಿ ಒತ್ತಿ, ‘ಮೇಲೆ ನೋಡಜ್ಜಿ, ಈಗ ಕೆಳಗೆ’ ಎನ್ನುತ್ತಾರೆ. ಗುಡ್ಡೆ ಅಲುಗದಿದ್ದರೆ ಸೈ.

ಪೊರೆ ತೆಗೆಯುವ ಫೇಕೋ ಆಪರೇಷನ್‌ಗೆ ಎಷ್ಟೋ ಸಲ ಬರೀ ಹನಿ ಸಾಕು, ಅದೇ ಸೊಗಸು. ಆದರೆ ಕಣ್ಣು ಆಡುತ್ತಿರುತ್ತದೆ. ರೋಗಿ ದೀಪವನ್ನೇ ದಿಟ್ಟಿಸಬೇಕು. ಕಿವಿ ಮಂದವಾದ, ಗಾಬರಿಬೀಳುವ ಅಜ್ಜನಿಗೆ ಇಂಜೆಕ್ಷನ್ನೇ ವಾಸಿ; ಪುಟ್ಟ ಮಕ್ಕಳಿಗೆ ಪೂರ್ತಿ ಅರಿವಳಿಕೆಯೇ.