ಮೂರು ವಾಕ್ಯಗಳ ಜನರಲ್

ಸೆಪ್ಟೆಂಬರ್ 5 ಹತ್ತಿರ ಬಂತೆಂದರೆ ಕರ್ನಾಟಕದ ಶಾಲಾ ವೇದಿಕೆಗಳಲ್ಲಿ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಪತ್ರ ತಪ್ಪದೆ ಹಾಜರಾಗುತ್ತದೆ. ಅಬ್ರಹಾಂ ಲಿಂಕನ್ ತನ್ನ ಮಗನ ಮೇಷ್ಟರಿಗೆ ಬರೆದನೆನ್ನುವ ಪತ್ರ ಅದು. ಲಿಂಕನ್ ಅದನ್ನು ಬರೆದ ಎನ್ನುವುದಕ್ಕೆ ಯಾವ ಆಧಾರವೂ ಇಲ್ಲ. ರಾಯ್ ಬಾಸ್ಲರ್ ಸಂಪಾದಕತ್ವದಲ್ಲಿ 1953ರಿಂದ ಹೊರಬಂದ ಲಿಂಕನ್ನನ ಸಮಗ್ರ ಬರಹಗಳ ಸಂಪುಟಗಳಲ್ಲಿ ಅದರ ಸುಳಿವೇ ಇಲ್ಲ. ಇದನ್ನು ಎತ್ತಿ ಹೇಳಿದವರಿಗೆ ಸಿಗುವ ಉತ್ತರವೂ ಸಿದ್ಧವಾಗಿರುತ್ತದೆ: ಯಾರು ಬರೆದರೇನು, ಓದಿದರೆ ಕಣ್ಣು ತುಂಬಿ ಬರುತ್ತದಲ್ಲ, ಅಷ್ಟು ಸಾಲದೇ?

ಸಾಲದು. ಪತ್ರವೊಂದನ್ನು ಕಣ್ಣೀರಿನಿಂದ ಅಳೆಯುವ ಈ ಅಭ್ಯಾಸ ನಮ್ಮಲ್ಲಿ ಮಾತ್ರ ಇದ್ದಿದ್ದರೆ ಸುಮ್ಮನಿರಬಹುದಿತ್ತು. ಅಮೆರಿಕದಲ್ಲೂ ಅಂತರ್ಯುದ್ಧ ಕಾಲದ ನಾಯಕರ, ಸೇನಾಧಿಕಾರಿಗಳ ಪತ್ರ ಪರಂಪರೆಗೆ ಇದೇ ಅಳತೆಗೋಲು ಹಿಡಿಯಲಾಗಿದೆ. ಅಲ್ಲಿನ ಜನಪ್ರಿಯ ಸಂಕಲನಗಳಲ್ಲಿ, ಸಾಕ್ಷ್ಯಚಿತ್ರಗಳಲ್ಲಿ ಕಿರೀಟ ಹೊತ್ತು ಕೂತಿರುವ ಪತ್ರಗಳು ಯಾವುವು ಎಂದು ನೋಡಿದರೆ ಸಾಕು.

ಮೊದಲನೆಯದು ಬಿಕ್ಸ್‌ಬಿ ಪತ್ರ. ಬಾಸ್ಟನ್ನಿನ ಲಿಡಿಯಾ ಬಿಕ್ಸ್‌ಬಿ ಎಂಬ ವಿಧವೆ ಯುದ್ಧದಲ್ಲಿ ಐದು ಮಕ್ಕಳನ್ನು ಕಳೆದುಕೊಂಡಳೆಂದು ತಿಳಿದು ಲಿಂಕನ್ ಹೆಸರಿನಲ್ಲಿ 1864ರ ನವೆಂಬರ್ 21ರಂದು ಬರೆದ ಸಾಂತ್ವನ. ‘ಸೇವಿಂಗ್ ಪ್ರೈವೇಟ್ ರಯಾನ್’ ಚಿತ್ರ ನೋಡಿದವರಿಗೆಲ್ಲ ಅದು ಗೊತ್ತು. ಆದರೆ ಯುದ್ಧದಲ್ಲಿ ಮಡಿದವರು ಇಬ್ಬರೆಂಬುದು ಆಮೇಲೆ ಹೊರಬಿತ್ತು. ಮೂಲ ಪ್ರತಿ ಕಳೆದುಹೋಗಿದೆ. ಬರೆದದ್ದು ಲಿಂಕನ್ನೋ ಅವನ ಕಾರ್ಯದರ್ಶಿ ಜಾನ್ ಹೇಯೋ ಎಂಬ ಜಗಳ ನೂರು ವರ್ಷದಿಂದ ನಡೆದಿದೆ. ಎರಡನೆಯದು, ಮಗ ಕಸ್ಟಿಸ್‌ಗೆ ಕರ್ತವ್ಯದ ಹಿರಿಮೆ ಬೋಧಿಸಿ ದಕ್ಷಿಣದ ಸೇನಾನಿ ರಾಬರ್ಟ್ ಇ. ಲೀ ಬರೆದನೆನ್ನುವ ಪತ್ರ. 1864ರಲ್ಲಿ ಪತ್ರಿಕೆಯೊಂದರಲ್ಲಿ ಕಾಣಿಸಿಕೊಂಡ ಅದು ಖೋಟಾ ಎಂದು ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಸಾಬೀತಾಯಿತು. ಆದರೂ ದಕ್ಷಿಣದ ರಾಜ್ಯಗಳಲ್ಲಿ ಅದರ ಭಕ್ತರು ಕಡಿಮೆಯಾಗಲಿಲ್ಲ. ಮೂರನೆಯದು ಮೇಜರ್ ಸಲಿವನ್ ಬಲೂ ಹೆಂಡತಿ ಸಾರಾಳಿಗೆ 1861ರ ಜುಲೈ 14ರಂದು ಬರೆದದ್ದು. ಒಂದು ವಾರದಲ್ಲಿ ಬುಲ್ ರನ್ ಕದನ ನಡೆಯಿತು, ಅಲ್ಲಿ ತಗುಲಿದ ಗಾಯದಿಂದ ಅವನು ಸತ್ತ. ಆ ಮನುಷ್ಯನ ಪ್ರೀತಿಯ ಬಗ್ಗೆ, ಸಾವಿನ ಬಗ್ಗೆ ಹಗುರವಾಗಿ ಮಾತಾಡುವಂತಿಲ್ಲ. ಆದರೆ 1990ರಲ್ಲಿ ಕೆನ್ ಬರ್ನ್ಸ್ ತನ್ನ ಟಿವಿ ಸರಣಿಯಲ್ಲಿ ಆ ಪತ್ರವನ್ನು ಕತ್ತರಿಸಿ ಓದಿಸಿದ, ಹಿಂದೆ ಪಿಟೀಲಿನ ಶೋಕರಾಗವೊಂದನ್ನು ಇಟ್ಟ. ರಾಗ 1982ರದ್ದು, ಜೇ ಉಂಗಾರ್ ಕಟ್ಟಿದ್ದು. ದೇಶ ಅತ್ತದ್ದು ಪತ್ರಕ್ಕೆಷ್ಟು, ಪಿಟೀಲಿಗೆಷ್ಟು ಎಂದು ಕೇಳುವ ವಿಮರ್ಶಕರು ಅಲ್ಲಿಯೂ ಕಡಿಮೆ.

ಒಂದು ಖೋಟಾ, ಒಂದರ ಕರ್ತೃತ್ವವೇ ಅನುಮಾನ, ಇನ್ನೊಂದು ಸಂಗೀತದ ಹೆಗಲೇರಿ ಬಂದದ್ದು. ಪರಂಪರೆಯೊಂದರ ಶಿಖರಗಳು ಹೀಗಿದ್ದರೆ ದೋಷ ಪರಂಪರೆಯದ್ದಲ್ಲ, ಶಿಖರಗಳನ್ನು ಗುರುತಿಸಿದವರದ್ದು. ಈ ಪರಂಪರೆಯ ನಿಜವಾದ ಸತ್ವ ಇರುವುದು ಕೆಲಸದ ಪತ್ರಗಳಲ್ಲಿ: ಆದೇಶ, ವರದಿ, ತಂತಿ, ಶರಣಾಗತಿಯ ಕರಾರು. ಅದರ ಬಹುದೊಡ್ಡ ಬರಹಗಾರ ಉತ್ತರದ ಸೇನಾನಿ ಯುಲಿಸಿಸ್ ಎಸ್. ಗ್ರಾಂಟ್.

ಗ್ರಾಂಟನನ್ನು ಸಾಹಿತ್ಯದ ಪಂಕ್ತಿಯಲ್ಲಿ ಕೂರಿಸುವುದಕ್ಕೆ ಹಲವರಿಗೆ ಇಂದಿಗೂ ಸಂಕೋಚ. ಸೈನ್ಯಕ್ಕೆ ರಾಜೀನಾಮೆ ಕೊಟ್ಟು ಸೇಂಟ್ ಲೂಯಿಸ್ ಬೀದಿಗಳಲ್ಲಿ ಸೌದೆ ಮಾರಿದವನು, ಗಲೀನಾ ಊರಿನಲ್ಲಿ ಅಪ್ಪನ ಚರ್ಮದ ಅಂಗಡಿಯಲ್ಲಿ ಗುಮಾಸ್ತಿಕೆ ಮಾಡಿದವನು, ಇಂಗ್ಲಿಷ್ ಕಾಗುಣಿತ ಸರಿಯಾಗಿ ಬಾರದವನು. ಅವನ ಆತ್ಮಕಥನವನ್ನು ವಿಮರ್ಶಕ ಎಡ್ಮಂಡ್ ವಿಲ್ಸನ್ 1962ರಲ್ಲಿ ಎತ್ತಿಹಿಡಿದ ಮೇಲೆ ಆ ಒಂದು ಪುಸ್ತಕಕ್ಕೆ ಮರ್ಯಾದೆ ಸಿಕ್ಕಿತು. ಆದರೆ ಆ ಗದ್ಯ ಹದವಾದದ್ದು ಎಲ್ಲಿ? ಇಪ್ಪತ್ತು ವರ್ಷ ಮೊದಲು, ಡೇರೆಯ ಮೇಜಿನ ಮೇಲೆ ಬರೆದ ಸಾವಿರಾರು ಆದೇಶಗಳಲ್ಲಿ. 1863ರಲ್ಲಿ ಚಟ್ಟನೂಗಾದಲ್ಲಿ ಗ್ರಾಂಟನನ್ನು ಮೊದಲ ಸಲ ಕಂಡ ಸೇನಾಧಿಕಾರಿ ಹೊರೇಸ್ ಪೋರ್ಟರ್ ಒಂದು ಮಾತು ದಾಖಲಿಸಿದ್ದಾನೆ: ಗ್ರಾಂಟ್ ಬರೆಯಲು ಕೂತರೆ ಲೇಖನಿ ನಿಲ್ಲುತ್ತಿರಲಿಲ್ಲ, ಪದಕ್ಕಾಗಿ ತಡಕಾಡುತ್ತಿರಲಿಲ್ಲ, ಬರೆದದ್ದನ್ನು ಹೊಡೆದುಹಾಕುವುದು ಅಪರೂಪ.

1862ರ ಫೆಬ್ರವರಿ 16. ಟೆನೆಸಿಯ ಡೊನೆಲ್ಸನ್ ಕೋಟೆಯೊಳಗೆ ದಕ್ಷಿಣದ ಸೈನ್ಯ ಸಿಕ್ಕಿಬಿದ್ದಿದೆ. ಮೇಲಿನ ಇಬ್ಬರು ಜನರಲ್‌ಗಳು, ಫ್ಲಾಯ್ಡ್ ಮತ್ತು ಪಿಲ್ಲೋ, ಹೊಣೆಯನ್ನು ಸೈಮನ್ ಬಕ್ನರ್ ತಲೆಗೆ ಕಟ್ಟಿ ರಾತ್ರೋರಾತ್ರಿ ಪಾರಾಗಿದ್ದಾರೆ. ಬಕ್ನರ್ ಕದನವಿರಾಮ ಕೇಳುತ್ತಾನೆ, ಷರತ್ತು ಮಾತಾಡಲು ಪ್ರತಿನಿಧಿಗಳನ್ನು ನೇಮಿಸೋಣ ಎನ್ನುತ್ತಾನೆ. ಅವನು ಗ್ರಾಂಟನ ಹಳೆಯ ಗೆಳೆಯ. 1854ರಲ್ಲಿ ಗ್ರಾಂಟ್ ಕೈಯಲ್ಲಿ ಕಾಸಿಲ್ಲದೆ ನ್ಯೂಯಾರ್ಕಿನ ಹೋಟೆಲಿನಲ್ಲಿ ಸಿಕ್ಕಿಕೊಂಡಾಗ ಬಿಲ್ಲಿಗೆ ಜಾಮೀನು ನಿಂತವನು ಇದೇ ಬಕ್ನರ್. ಇಂಥವನಿಗೆ ಉತ್ತರ ಬರೆಯಬೇಕು. ಗ್ರಾಂಟ್ ಬರೆದದ್ದು ಮೂರು ವಾಕ್ಯ. ನಿಮ್ಮ ಪತ್ರ ಈಗ ತಲುಪಿತು. ಬೇಷರತ್ತಾದ, ತಕ್ಷಣದ ಶರಣಾಗತಿಯ ಹೊರತು ಬೇರೆ ಯಾವುದನ್ನೂ ಒಪ್ಪುವುದಿಲ್ಲ. ನಿಮ್ಮ ಠಾಣ್ಯದ ಮೇಲೆ ಕೂಡಲೇ ನುಗ್ಗುವ ಉದ್ದೇಶವಿದೆ.

ಬೈಗುಳವಿಲ್ಲ, ಬಡಾಯಿಯಿಲ್ಲ, ಹಳೆಯ ಸ್ನೇಹದ ಹಂಗಿನ ನಾಟಕವೂ ಇಲ್ಲ. ಈ ಉತ್ತರದಲ್ಲಿ ಔದಾರ್ಯವಿಲ್ಲ, ವೀರರ ಮರ್ಯಾದೆಯಿಲ್ಲ ಎಂದು ಬಕ್ನರ್ ನೊಂದು ಬರೆದ, ಬರೆದು ಶರಣಾದ. 12,000ಕ್ಕೂ ಹೆಚ್ಚು ಸೈನಿಕರು ಸೆರೆಯಾದರು. ಪತ್ರ ಮುಗಿದ ಮೇಲೆ ಗ್ರಾಂಟ್ ಗೆಳೆಯನನ್ನು ಕಂಡು ತನ್ನ ಹಣದ ಚೀಲವನ್ನೇ ಮುಂದೆ ಹಿಡಿದ ಎಂದು ಮುಂದೆ ಬಕ್ನರನೇ ಹೇಳಿದ್ದಾನೆ. ಸ್ನೇಹ ತೋರಿಸಬೇಕಾದದ್ದು ಎಲ್ಲಿ, ಪತ್ರದಲ್ಲಿ ಹೇಳಬೇಕಾದದ್ದು ಏನು ಎಂಬ ಈ ವಿವೇಚನೆ ಶೈಲಿಯ ಮಾತೂ ಹೌದು, ಚಾರಿತ್ರ್ಯದ ಮಾತೂ ಹೌದು.

ಇದರ ಪಕ್ಕದಲ್ಲಿ ಉತ್ತರದ ಇನ್ನೊಬ್ಬ ಜನರಲ್ ಜಾರ್ಜ್ ಮೆಕ್ಲೆಲನ್‌ನ ಪತ್ರಗಳನ್ನಿಟ್ಟು ನೋಡಬೇಕು. ಸುಶಿಕ್ಷಿತ, ಸುಂದರ, ಫ್ರೆಂಚ್ ಬಲ್ಲವನು, ವಾಕ್ಯ ಹೊಸೆಯುವುದರಲ್ಲಿ ನಿಪುಣ. ಹೆಂಡತಿಗೆ ಬರೆದ ಪತ್ರಗಳಲ್ಲಿ ತನ್ನನ್ನು ದೇಶೋದ್ಧಾರಕನ ಪೀಠದಲ್ಲಿ ಕೂರಿಸಿಕೊಳ್ಳುತ್ತಾನೆ, ಲಿಂಕನ್ನನನ್ನು ಗೊರಿಲ್ಲಾ ಎನ್ನುತ್ತಾನೆ. 1862ರ ಜೂನ್ 25ರಂದು ದಕ್ಷಿಣದ ರಾಜಧಾನಿ ರಿಚ್ಮಂಡ್ ಎದುರು ನಿಂತು, ಶತ್ರುಬಲ 2,00,000 ಎಂಬ ವರ್ತಮಾನವಿದೆಯೆಂದು ತಂತಿ ಕಳಿಸುತ್ತಾನೆ. ಅದರ ಅರ್ಧದಷ್ಟೂ ಅಲ್ಲಿರಲಿಲ್ಲ. ಮೂರು ದಿನಗಳ ನಂತರ ಸೋಲಿನ ಹೊಣೆಯನ್ನೆಲ್ಲ ವಾಷಿಂಗ್ಟನ್ ಮೇಲೆ ಹೊರಿಸಿ ಯುದ್ಧ ಕಾರ್ಯದರ್ಶಿ ಸ್ಟ್ಯಾಂಟನ್‌ಗೆ ಕಳಿಸಿದ ತಂತಿಯ ಕೊನೆಯ ಎರಡು ವಾಕ್ಯ ಎಷ್ಟು ಉದ್ಧಟವಾಗಿದ್ದವೆಂದರೆ, ತಂತಿ ಕಚೇರಿಯ ಮೇಲಧಿಕಾರಿಯೇ ಅವನ್ನು ಕತ್ತರಿಸಿ ಉಳಿದದ್ದನ್ನಷ್ಟೇ ತಲುಪಿಸಿದ. ಮೆಕ್ಲೆಲನ್ ಭಾಷೆಯಲ್ಲಿ ಯಾವಾಗಲೂ ಕಾಣುವುದು ಮೆಕ್ಲೆಲನ್ ಮಾತ್ರ. ಗ್ರಾಂಟ್ ಭಾಷೆಯಲ್ಲಿ ಕಾಣುವುದು ನದಿ, ರಸ್ತೆ, ಎಷ್ಟು ದಿನದ ರೇಷನ್, ಯಾವ ದಂಡು ಯಾವ ಕಡೆಯಿಂದ ಹೊರಡಬೇಕು ಎಂಬುದು.

ಹಾಗೆಂದು ಗ್ರಾಂಟನಿಗೆ ಎದೆಯೇ ಇರಲಿಲ್ಲವೇ? ಮುಂದೆ ಹೆಂಡತಿಯಾದ ಜೂಲಿಯಾ ಡೆಂಟ್‌ಗೆ ಅವನು ಬರೆದ ಪತ್ರಗಳನ್ನು ಓದಿದವರು ಹಾಗೆನ್ನಲಾರರು. 1844ರಲ್ಲಿ, ಲೂಯಿಸಿಯಾನಾದ ಶಿಬಿರದಿಂದ ಬರೆದ ಪ್ರೇಮಪತ್ರವೊಂದರಲ್ಲಿ ಇಪ್ಪತ್ತೆರಡರ ಹುಡುಗ ಕೆಲವು ಸಾಲುಗಳನ್ನು ಖಾಲಿ ಗೀಟುಗಳಾಗಿ ಬಿಟ್ಟಿದ್ದಾನೆ. ನಾನು ಅಂದುಕೊಂಡಂತೆ ಇವನ್ನು ಓದಿಕೋ, ಮಾತಿಗಿಂತ ಹೆಚ್ಚು ಹೇಳುತ್ತವೆ ಎಂದು ಬರೆದಿದ್ದಾನೆ. ಹತ್ತು ವರ್ಷದ ಮೇಲೆ ಕ್ಯಾಲಿಫೋರ್ನಿಯಾದ ಹಂಬೋಲ್ಟ್ ಕೋಟೆಯಿಂದ, ತಾನಿನ್ನೂ ಕಂಡಿರದ ಎರಡನೆಯ ಮಗನ ಹಂಬಲದಲ್ಲಿ ಬರೆದ ಪತ್ರಗಳಂತೂ ಒಂಟಿತನದ ದಾಖಲೆಗಳು. ಅಲ್ಲಿಯೂ ಅಲಂಕಾರ ಹುಡುಕಿದರೆ ಸಿಗುವುದಿಲ್ಲ. ಇಲ್ಲಿ ನನಗೆ ಎಷ್ಟು ಅನಾಥಭಾವ ಕಾಡುತ್ತಿದೆ ಎಂಬುದು ನಿನಗೆ ತಿಳಿಯದು ಎಂದು ಸರಳವಾಗಿ ಹೇಳಿ ಮುಂದಿನ ವಿಷಯಕ್ಕೆ ಹೋಗುತ್ತಾನೆ.

ಗ್ರಾಂಟನ ಪಕ್ಷ ವಹಿಸುವವರು 1862ರ ಡಿಸೆಂಬರ್ 17ರ ಹನ್ನೊಂದನೇ ಸಂಖ್ಯೆಯ ಆದೇಶವನ್ನು ಮುಚ್ಚಿಟ್ಟುಕೊಳ್ಳುವಂತಿಲ್ಲ. ಹತ್ತಿಯ ಕಳ್ಳವ್ಯಾಪಾರದ ನೆಪದಲ್ಲಿ, ತನ್ನ ಅಧಿಕಾರ ವ್ಯಾಪ್ತಿಯ ಯಹೂದಿಗಳೆಲ್ಲ 24 ಗಂಟೆಯೊಳಗೆ ಹೊರಡಬೇಕೆಂದು ಅವನು ಆದೇಶಿಸಿದ. ಅದೂ ಅದೇ ಸ್ಪಷ್ಟ ಗದ್ಯವೇ, ಅದರ ಕ್ರೌರ್ಯ ಇರುವುದೂ ಆ ಸ್ಪಷ್ಟತೆಯಲ್ಲೇ. ಆದರೆ ಆ ಆದೇಶ ಅನ್ಯಾಯವನ್ನು ಸಿಹಿಮಾತಿನಲ್ಲಿ ಸುತ್ತಲಿಲ್ಲ ಎಂಬುದನ್ನೂ ಹೇಳಬೇಕು. ಪಡುಕಾ ಊರಿನ ಸೀಸರ್ ಕಾಸ್ಕೆಲ್ ಅದನ್ನು ಹಿಡಿದು ವಾಷಿಂಗ್ಟನ್ನಿಗೆ ಹೋದಾಗ ವ್ಯಾಖ್ಯಾನದ ಅಗತ್ಯವೇ ಬೀಳಲಿಲ್ಲ. ಜನವರಿ ಮೊದಲ ವಾರದಲ್ಲೇ ಲಿಂಕನ್ ಅದನ್ನು ರದ್ದು ಮಾಡಿಸಿದ. ತಪ್ಪು ಕೂಡ ತಪ್ಪಾಗಿಯೇ ಕಾಣುವ ಭಾಷೆಗೆ ಒಂದು ಬೆಲೆಯಿದೆ. ದಕ್ಷಿಣದ ನಾಯಕರು ಗುಲಾಮಗಿರಿಯ ಸುತ್ತ ಹೆಣೆದ ಗೌರವದ, ಸಂಪ್ರದಾಯದ ಮಾತುಗಳಲ್ಲಿ ಆ ಬೆಲೆ ಇರಲಿಲ್ಲ.

ಯುದ್ಧದ ಕೊನೆಗೆ, 1865ರ ಏಪ್ರಿಲ್ 7ರಿಂದ 9ರವರೆಗೆ, ಗ್ರಾಂಟ್ ಮತ್ತು ಲೀ ನಡುವೆ ಓಡಾಡಿದ ಪತ್ರಗಳು ಈ ಪರಂಪರೆಯ ನಿಜವಾದ ಶಿಖರ. ಇನ್ನಷ್ಟು ರಕ್ತ ಹರಿಯುವ ಹೊಣೆ ತನಗೆ ಬೇಡವೆಂದು ಗ್ರಾಂಟ್ ಮೊದಲ ಪತ್ರ ಬರೆಯುತ್ತಾನೆ. ಪರಿಸ್ಥಿತಿ ಅಷ್ಟು ಹತಾಶವೆಂದು ಒಪ್ಪುವುದಿಲ್ಲ, ಆದರೂ ಷರತ್ತು ಏನು ಎಂದು ಲೀ ಕೇಳುತ್ತಾನೆ. ಡೊನೆಲ್ಸನ್‌ನಲ್ಲಿ ಗೆಳೆಯನಿಗೂ ಷರತ್ತಿನ ಮಾತೇ ಬೇಡವೆಂದವನು ಈಗ ತಾನು ಒತ್ತಾಯಿಸುವುದು ಒಂದೇ ಒಂದು ಷರತ್ತನ್ನು ಎನ್ನುತ್ತಾನೆ: ಶರಣಾದವರು ಮತ್ತೆ ಆಯುಧ ಹಿಡಿಯಬಾರದು. ವಾಕ್ಯದ ಕಟ್ಟು ಅದೇ, ಉಸಿರು ಅದೇ. ಆದರೆ ಅಲ್ಲಿ ಕೋಟೆಯ ಬಾಗಿಲು ಒಡೆದ ಗದ್ಯ ಇಲ್ಲಿ ಸೋತವನಿಗೆ ಮನೆಯ ದಾರಿ ತೋರಿಸುತ್ತದೆ.

ಲೀ ಶರಣಾದ ಅಪೊಮ್ಯಾಟಕ್ಸ್‌ನ ಮೆಕ್ಲೀನ್ ಮನೆಯಲ್ಲಿ ಕೂತು ಕರಾರು ಬರೆಯಲು ಲೇಖನಿ ಕಾಗದಕ್ಕೆ ಇಟ್ಟಾಗ ಮೊದಲ ಪದ ಯಾವುದೆಂದೇ ಗೊತ್ತಿರಲಿಲ್ಲ ಎಂದು ಗ್ರಾಂಟ್ ಮುಂದೆ ನೆನೆಸಿಕೊಂಡಿದ್ದಾನೆ. ಏನು ಹೇಳಬೇಕೆಂಬುದು ಮಾತ್ರ ಗೊತ್ತಿತ್ತು. ಅಧಿಕಾರಿಗಳ ಸ್ವಂತ ಕತ್ತಿ, ಪಿಸ್ತೂಲು, ಕುದುರೆ, ಸಾಮಾನು ಅವರ ಬಳಿಯೇ ಇರಲಿ ಎಂದು ಬರೆದ. ಒಂದು ಪದ ಬಿಟ್ಟುಹೋಗಿತ್ತು, ಲೀ ಅದನ್ನು ತೋರಿಸಿಕೊಟ್ಟ. ತನ್ನ ಸೈನ್ಯದಲ್ಲಿ ಅಶ್ವದಳ, ಫಿರಂಗಿದಳದ ಸಾಮಾನ್ಯರ ಕುದುರೆಗಳೂ ಅವರವರ ಸ್ವಂತದ್ದೇ ಎಂದೂ ಹೇಳಿದ. ಗ್ರಾಂಟ್ ಬರಹ ತಿದ್ದಲಿಲ್ಲ, ಉಳುಮೆಗೆ ಬೇಕಾಗುತ್ತದೆ, ಅವರು ಒಯ್ಯಲಿ ಎಂದು ಬಾಯಿಮಾತಿನಲ್ಲೇ ಒಪ್ಪಿಕೊಂಡ. ಇಡೀ ಕರಾರನ್ನು ಶಾಯಿಯಲ್ಲಿ ನಕಲು ಮಾಡಿದವನು ಅವನ ಕಾರ್ಯದರ್ಶಿ ಈಲಿ ಪಾರ್ಕರ್, ಸೆನೆಕಾ ಬುಡಕಟ್ಟಿನವನು.

ಆ ಕರಾರಿನ ಕೊನೆಯ ವಾಕ್ಯವನ್ನು ಸಂಕಲನಕಾರರು ಎಷ್ಟು ಗಮನಿಸಿದ್ದಾರೋ. ಪ್ರತಿಯೊಬ್ಬರೂ ಮನೆಗೆ ಹೋಗಬಹುದು, ಕೊಟ್ಟ ಮಾತನ್ನೂ ಕಾನೂನನ್ನೂ ಪಾಲಿಸುವವರೆಗೆ ಸರ್ಕಾರ ಅವರ ತಂಟೆಗೆ ಬರುವುದಿಲ್ಲ ಎಂಬುದು ಅದರ ತಾತ್ಪರ್ಯ. ಎರಡೇ ತಿಂಗಳಲ್ಲಿ, ಜೂನಿನಲ್ಲಿ, ನಾರ್ಫೋಕ್ ನ್ಯಾಯಾಲಯ ಲೀ ಮೇಲೆ ರಾಜದ್ರೋಹದ ಆರೋಪ ಹೊರಿಸಿತು. ಈ ವಾಕ್ಯವನ್ನೇ ಮುಂದಿಟ್ಟುಕೊಂಡು ಗ್ರಾಂಟ್ ಅಧ್ಯಕ್ಷ ಜಾನ್ಸನ್ ಎದುರು ನಿಂತ, ಮಾತು ಮುರಿದರೆ ಹುದ್ದೆ ಬಿಡುತ್ತೇನೆಂದ. ಜಾನ್ಸನ್ ಹಿಂದೆ ಸರಿದ. ಬಿಕ್ಸ್‌ಬಿ ಪತ್ರ ಎಷ್ಟು ಜನರನ್ನು ಅಳಿಸಿದೆಯೋ, ಈ ಒಂದು ವಾಕ್ಯ ಒಬ್ಬ ಮನುಷ್ಯನನ್ನು ವಿಚಾರಣೆಯಿಂದ, ಒಂದು ದೇಶವನ್ನು ಸೇಡಿನಿಂದ ಕಾಪಾಡಿತು.

ಈ ಬಗೆಯ ಗದ್ಯವನ್ನು ಕೀಳುಗಳೆಯುವ ರುಚಿ ಹೊಸದಲ್ಲ. ಇಂಗ್ಲೆಂಡಿನ ಕವಿ, ವಿಮರ್ಶಕ ಮ್ಯಾಥ್ಯೂ ಆರ್ನಲ್ಡ್ 1887ರಲ್ಲಿ ಗ್ರಾಂಟನ ಆತ್ಮಕಥನದ ಬಗ್ಗೆ ಬರೆಯುತ್ತ, ಒಳ್ಳೆಯ ಮಾತುಗಳ ಜೊತೆಯಲ್ಲೇ, ಅವನ ಇಂಗ್ಲಿಷಿನಲ್ಲಿ ಮೋಹಕತೆಯಿಲ್ಲ, ಕುಲೀನತೆಯಿಲ್ಲ ಎಂದ. ವ್ಯಾಕರಣ ದೋಷಗಳನ್ನು ಎಣಿಸಿದ್ದಕ್ಕೆ ಆ ಪುಸ್ತಕದ ಪ್ರಕಾಶಕನೂ ಆಗಿದ್ದ ಮಾರ್ಕ್ ಟ್ವೈನ್ ಹಾರ್ಟ್‌ಫರ್ಡ್‌ನಲ್ಲಿ ಸಿಡಿದೆದ್ದು ಉತ್ತರ ಕೊಟ್ಟ. ಟ್ವೈನ್ ಮಾಡಿದ್ದು ಸರಿ. ಆರ್ನಲ್ಡ್ ಕೇಳಿದ ಕುಲೀನತೆ ಮೆಕ್ಲೆಲನ್ ಪತ್ರಗಳಲ್ಲಿ ಬೇಕಾದಷ್ಟಿತ್ತು, ಅದರಿಂದ ಒಂದು ಊರನ್ನೂ ಗೆಲ್ಲಲಾಗಲಿಲ್ಲ.

ನಮ್ಮ ಜಗಳವೂ ಇಲ್ಲಿಗೇ ಬಂದು ಮುಟ್ಟುತ್ತದೆ. ಕನ್ನಡದಲ್ಲಿ ಭಾವದ ಗದ್ಯ ಒಂದು ಕಡೆ, ಕಚೇರಿಯ ಗದ್ಯ ಇನ್ನೊಂದು ಕಡೆ. ಮೊದಲನೆಯದಕ್ಕೆ ಚಪ್ಪಾಳೆ, ಎರಡನೆಯದಕ್ಕೆ ಯಾರ ಕಣ್ಣೂ ಇಲ್ಲ. ಸುತ್ತೋಲೆಯೊಂದರಲ್ಲಿ ‘ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಶುರುವಾದ ವಾಕ್ಯ ಅರ್ಧ ಪುಟ ದಾಟಿದರೂ ಯಾರು ಏನು ಮಾಡಬೇಕೆಂದು ತಿಳಿಯದಿದ್ದರೆ ಅದನ್ನು ಭಾಷೆಯ ಸಮಸ್ಯೆಯೆಂದು ವಿಮರ್ಶಕರು ಎಣಿಸುವುದೇ ಇಲ್ಲ. ಪಿಂಚಣಿ, ಪರಿಹಾರ, ಜಮೀನಿನ ಖಾತೆ ಎಲ್ಲವೂ ನಿಂತಿರುವುದು ಆ ಗದ್ಯದ ಮೇಲೆ. ಒಂದು ಭಾಷೆಯ ಆರೋಗ್ಯವನ್ನು ಅದರ ಭಾವಗೀತೆಯಲ್ಲಿ ಮಾತ್ರ ನೋಡುವ ವಿಮರ್ಶೆ ಅರ್ಧ ವಿಮರ್ಶೆ.

ಲಿಂಕನ್ನನ ಬಗ್ಗೆಯೂ ಇದೇ ಮಾತು: ಅವನ ಸತ್ವವೂ ಇರುವುದು ಕೆಲಸದ ಪತ್ರಗಳಲ್ಲಿ. ಗ್ರಾಂಟ್ ಮುತ್ತಿದ್ದ ವಿಕ್ಸ್‌ಬರ್ಗ್ ಬಿದ್ದ ಮೇಲೆ, 1863ರ ಜುಲೈ 13ರಂದು, ಲಿಂಕನ್ ಅವನಿಗೆ ಒಂದು ಚಿಕ್ಕ ಪತ್ರ ಬರೆದ. ನೀನು ನದಿಯ ಕೆಳಗೆ ಇಳಿದು ಹೋಗದೆ ಉತ್ತರಕ್ಕೆ ತಿರುಗಿದ್ದು ತಪ್ಪೆಂದು ನನಗನಿಸಿತ್ತು, ನೀನು ಸರಿ, ನಾನು ತಪ್ಪು ಎಂದು ಒಪ್ಪಿಕೊಂಡ. ಮರುದಿನವೇ, ಗೆಟ್ಟಿಸ್‌ಬರ್ಗ್ ಕದನದ ನಂತರ ಲೀಯನ್ನು ಪಾರಾಗಲು ಬಿಟ್ಟ ಜನರಲ್ ಮೀಡ್‌ಗೆ ನೋವು ತುಂಬಿದ ಪತ್ರ ಬರೆದು, ಕಳಿಸದೆ, ಸಹಿಯನ್ನೂ ಹಾಕದೆ ಇಟ್ಟುಕೊಂಡ. ಒಂದರಲ್ಲಿ ಹೇಳುವ ಧೈರ್ಯ, ಇನ್ನೊಂದರಲ್ಲಿ ಹೇಳದಿರುವ ಸಂಯಮ. ಇವೆರಡೂ ನಿಜವಾದ ಪತ್ರಗಳು.

ಕನ್ನಡದ ಅನುವಾದಕರಲ್ಲಿ ಒಂದು ವಿನಂತಿ. ಜಾನ್ ವೈ. ಸೈಮನ್ 1967ರಲ್ಲಿ ಆರಂಭಿಸಿ, ಅವರ ನಂತರ ಇತರರು ಮುಗಿಸಿದ ಗ್ರಾಂಟ್ ಬರಹಗಳ 32 ಸಂಪುಟಗಳಿವೆ. ದಕ್ಷಿಣದ ಸೋತ ರಾಜ್ಯಗಳಲ್ಲೊಂದಾದ ಮಿಸಿಸಿಪಿಯ ವಿಶ್ವವಿದ್ಯಾಲಯವೇ ಇಂದು ಅವನ್ನು ಕಾಪಾಡುತ್ತಿದೆ. ಎಲ್ಲವೂ ಬೇಡ. ಡೊನೆಲ್ಸನ್ ಉತ್ತರ, ಲೆಫ್ಟಿನೆಂಟ್ ಜನರಲ್ ಹುದ್ದೆ ಬಂದಾಗ ಈ ಗೆಲುವು ನಿನ್ನದೂ ಮೆಕ್‌ಫರ್ಸನ್‌ನದೂ ಎಂದು 1864ರ ಮಾರ್ಚ್ 4ರಂದು ಜೊತೆಯ ಜನರಲ್ ಶೆರ್ಮನ್‌ಗೆ ಬರೆದ ಪತ್ರ, ಹಂಬೋಲ್ಟ್ ಕೋಟೆಯಿಂದ ಜೂಲಿಯಾಗೆ ಬರೆದವು, ಅಪೊಮ್ಯಾಟಕ್ಸ್‌ನ ಮೂರು ದಿನದ ಪತ್ರಗಳು. ಇಷ್ಟನ್ನು ಪಿಟೀಲಿಲ್ಲದೆ, ಅಲಂಕಾರ ಹಚ್ಚದೆ ಕನ್ನಡಕ್ಕೆ ತನ್ನಿ.