ಗುತ್ತಿಗೆಯ ವ್ಯಾಕರಣ: ಲಿಂಕನ್ ಸ್ಟೆಫೆನ್ಸ್‌ನ ನಗರ ಲೇಖನಗಳ ಮರುಓದು

ತನಿಖಾ ಪತ್ರಿಕೋದ್ಯಮದ ಚರಿತ್ರೆಯನ್ನು ಬರೆಯುವವರೆಲ್ಲ ಅಮೆರಿಕದ ಪತ್ರಕರ್ತ ಲಿಂಕನ್ ಸ್ಟೆಫೆನ್ಸ್‌ನ (1866-1936) ‘ದಿ ಶೇಮ್ ಆಫ್ ದಿ ಸಿಟೀಸ್’ ಕೃತಿಯನ್ನು ತಪ್ಪದೆ ಹೆಸರಿಸುತ್ತಾರೆ. 1902ರ ಅಕ್ಟೋಬರಿನಿಂದ 1903ರ ನವೆಂಬರಿನವರೆಗೆ ‘ಮೆಕ್‌ಕ್ಲೂರ್ಸ್’ ಮಾಸಪತ್ರಿಕೆಯಲ್ಲಿ ಪ್ರಕಟವಾದ ಏಳು ಲೇಖನಗಳಿಗೆ ಒಂದು ಪೀಠಿಕೆಯನ್ನು ಸೇರಿಸಿ 1904ರಲ್ಲಿ ಹೊರತಂದ ಸಂಕಲನವಿದು. ಸೇಂಟ್ ಲೂಯಿಸ್ ನಗರಕ್ಕೆ ಎರಡು ಲೇಖನಗಳು. ಮಿನಿಯಾಪೊಲಿಸ್, ಪಿಟ್ಸ್‌ಬರ್ಗ್, ಫಿಲಡೆಲ್ಫಿಯಾ, ಷಿಕಾಗೊ ಹಾಗೂ ನ್ಯೂಯಾರ್ಕ್‌ಗಳಿಗೆ ಒಂದೊಂದು. ಆದರೆ ಹೆಸರಿಸಲ್ಪಟ್ಟಷ್ಟು ಓದಿಸಿಕೊಂಡ ಕೃತಿ ಇದಲ್ಲ. ಅದರ ಕೀರ್ತಿಯೆಲ್ಲ ಶೀರ್ಷಿಕೆಯಲ್ಲಿರುವ ‘ನಾಚಿಕೆ’ಯ ಮೇಲೆ, ಅಂದರೆ ಲೇಖಕನ ನೈತಿಕ ಆಕ್ರೋಶದ ಮೇಲೆ ನಿಂತಿದೆ. ಈ ಆಕ್ರೋಶ ಕೃತಿಯ ಶಕ್ತಿಯೆಂದು ನನಗೆ ತೋರುವುದಿಲ್ಲ. ನಗರಾಡಳಿತದ ಗುತ್ತಿಗೆಗಳು ಹೇಗೆ ಕೊಡಲ್ಪಡುತ್ತವೆ ಎಂಬುದನ್ನು ಕಡತ ಬಿಡಿಸಿ ಓದಿದ ಕೆಲವೇ ಪುಟಗಳು ಇದರಲ್ಲಿವೆ. ಕೃತಿ ಇಂದಿಗೂ ಜೀವಂತವಾಗಿರುವುದು ಆ ಪುಟಗಳಲ್ಲಿ. ದುರ್ದೈವವೆಂದರೆ, ಅವುಗಳ ಬೆಲೆ ಸ್ವತಃ ಸ್ಟೆಫೆನ್ಸ್‌ನಿಗೆ ಪೂರ್ತಿ ತಿಳಿದಂತೆ ಕಾಣುವುದಿಲ್ಲ.

ಮೊದಲು ಲೇಖನಗಳ ರಚನೆಯನ್ನು ಗಮನಿಸಬೇಕು. ನಮ್ಮ ಬಯಲಾಟಗಳಲ್ಲಿ ಮುಖ್ಯ ವೇಷ ಒಡ್ಡೋಲಗದೊಡನೆ ರಂಗಕ್ಕೆ ಬರುವಂತೆ ಇಲ್ಲಿಯೂ ‘ಬಾಸ್’ ಎನಿಸಿಕೊಂಡ ಪಕ್ಷದ ಯಜಮಾನ ಮೊದಲು ಪ್ರವೇಶಿಸುತ್ತಾನೆ. ಆತನ ಕುಲ, ಕಸುಬು, ಮಾತಿನ ಧಾಟಿ, ಏಳಿಗೆ ಎಲ್ಲವೂ ವರ್ಣಿತವಾಗುತ್ತವೆ. ಸೇಂಟ್ ಲೂಯಿಸ್‌ನ ಎಡ್ ಬಟ್ಲರ್ ಕುದುರೆಗಳಿಗೆ ಲಾಳ ಕಟ್ಟುತ್ತಿದ್ದವನು. ಮಿನಿಯಾಪೊಲಿಸ್‌ನ ಮೇಯರ್ ಏಮ್ಸ್ ಬಡವರ ಪ್ರೀತಿ ಗಳಿಸಿದ್ದ ವೈದ್ಯ. ಬಳಿಕ ಪ್ರತಿನಾಯಕನಿಗೆ ಎದುರಾಗಿ ನಾಯಕ ಬರುತ್ತಾನೆ. ಸೇಂಟ್ ಲೂಯಿಸ್‌ನಲ್ಲಿ ಆತ ಸರ್ಕಾರಿ ಅಭಿಯೋಜಕ ಜೋಸೆಫ್ ಫೋಕ್. ಟ್ರಾಮ್ ಕಂಪನಿಯೊಂದು ನಗರ ಸದಸ್ಯರಿಗೆಂದು ತೆಗೆದಿರಿಸಿದ 1,35,000 ಡಾಲರುಗಳು ಎರಡು ಬ್ಯಾಂಕು ಪೆಟ್ಟಿಗೆಗಳಲ್ಲಿ ಬೀಗ ಹಾಕಿಕೊಂಡು ಕುಳಿತಿದ್ದವು. ಕೊಟ್ಟವರ ಕೈಯಲ್ಲೊಂದು, ಪಡೆಯುವವರ ಕೈಯಲ್ಲೊಂದು ಕೀಲಿ; ಒಬ್ಬರಿಲ್ಲದೆ ಇನ್ನೊಬ್ಬರು ತೆರೆಯುವಂತಿಲ್ಲ. ಈ ಪ್ರಸಂಗವನ್ನು ಒಮ್ಮೆ ಓದಿದವರು ಮರೆಯಲಾರರು. ಆದರೆ ಇಂಥ ಕಥನದಲ್ಲಿ ಭ್ರಷ್ಟಾಚಾರವು ಒಂದು ಘಟನೆಯಾಗಿಬಿಡುತ್ತದೆ. ಹಣ ಕೈ ಬದಲಿಸುವ ಗಳಿಗೆಯೇ ಅಪರಾಧದ ಗಳಿಗೆ, ಸಾಕ್ಷಿ ಸಿಕ್ಕರೆ ಕಥೆ ಮುಗಿಯಿತು ಎಂಬ ಭಾವನೆ ಓದುಗನಲ್ಲಿ ಮೂಡುತ್ತದೆ.

ಹಾಗೆ ಮುಗಿಯುವುದಿಲ್ಲವೆಂಬುದಕ್ಕೆ ಬಟ್ಲರನ ಮೊಕದ್ದಮೆಯೇ ನಿದರ್ಶನ. ನಗರದ ಕಸ ವಿಲೇವಾರಿಯ ಗುತ್ತಿಗೆಗಾಗಿ ಆರೋಗ್ಯ ಮಂಡಳಿಯ ಇಬ್ಬರು ವೈದ್ಯ ಸದಸ್ಯರಿಗೆ ತಲಾ 2,500 ಡಾಲರ್ ನೀಡಲು ಮುಂದಾದ ಆರೋಪ ಆತನ ಮೇಲಿತ್ತು. 1902ರಲ್ಲಿ ವಿಚಾರಣಾ ನ್ಯಾಯಾಲಯ ಮೂರು ವರ್ಷಗಳ ಸಜೆ ವಿಧಿಸಿತು. 1903ರಲ್ಲಿ ಮಿಸ್ಸೂರಿಯ ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ರದ್ದುಗೊಳಿಸಿತು. ಕಾರಣ ಕುತೂಹಲಕರವಾಗಿದೆ. ಆ ಗುತ್ತಿಗೆಯನ್ನು ಕೊಡುವ ಅಧಿಕಾರ ಕಾನೂನಿನ ಪ್ರಕಾರ ಆರೋಗ್ಯ ಮಂಡಳಿಗೆ ಇರಲೇ ಇಲ್ಲ. ಇಲ್ಲದ ಅಧಿಕಾರವನ್ನು ಕೊಳ್ಳಲು ಹೊರಟದ್ದು ಲಂಚವಾಗದು! ಹಣ ನೀಡಲು ಮುಂದಾದದ್ದನ್ನು ಕಂಡ ಸಾಕ್ಷಿಗಳಿದ್ದರೂ ಅಪರಾಧ ಕರಗಿಹೋಯಿತು. ಪ್ರಶ್ನೆ ಉಳಿದದ್ದು ಗುತ್ತಿಗೆಯ ಪತ್ರದಲ್ಲಿ, ಅದನ್ನು ಯಾರು ಯಾವ ಅಧಿಕಾರದಿಂದ ಬರೆದರು ಎಂಬಲ್ಲಿ.

ಪಿಟ್ಸ್‌ಬರ್ಗ್ ಲೇಖನ (ಮೇ 1903) ಈ ದೃಷ್ಟಿಯಿಂದ ಉಳಿದವುಗಳಿಗಿಂತ ಭಿನ್ನವಾದುದು. ಇಲ್ಲಿ ಯಾರೂ ಕೀಲಿ ಹಿಡಿದು ನಿಂತಿಲ್ಲ. ನಾಯಕನೆನ್ನಬಹುದಾದ ಅಭಿಯೋಜಕನೂ ಇಲ್ಲ. ಇಬ್ಬರು ಯಜಮಾನರಿದ್ದಾರೆ: ಕ್ರಿಸ್ಟಫರ್ ಮ್ಯಾಗಿ ಮತ್ತು ವಿಲಿಯಂ ಫ್ಲಿನ್. ಮ್ಯಾಗಿ ಅಧಿಕಾರವನ್ನು ಬಯಸಿದವನು, ಫ್ಲಿನ್ ಸಂಪತ್ತನ್ನು. ಫ್ಲಿನ್‌ನ ‘ಬೂತ್ ಅಂಡ್ ಫ್ಲಿನ್’ ಎಂಬ ಸಂಸ್ಥೆ ನಗರದ ರಸ್ತೆ ಕಾಮಗಾರಿಗಳನ್ನು ನಡೆಸುತ್ತಿತ್ತು. ಕಾಮಗಾರಿಗಳನ್ನು ಕೊಡುವ ಲೋಕೋಪಯೋಗಿ ಇಲಾಖೆಯ ನಿರ್ದೇಶಕ ಬಿಗೆಲೊ, ಮ್ಯಾಗಿಯ ಬಂಧು. 1887ರ ನಗರ ಸನ್ನದು ಇಲಾಖಾ ನಿರ್ದೇಶಕರ ಕೈಯಲ್ಲಿ ಅಧಿಕಾರವನ್ನು ಕೇಂದ್ರೀಕರಿಸಿತ್ತು. ಸುಧಾರಣೆಯ ಹೆಸರಿನಲ್ಲಿಯೇ ಹೀಗೆ ಕೇಂದ್ರೀಕರಿಸಲಾಯಿತೆಂಬುದನ್ನು ಇಲ್ಲಿ ನೆನೆಯಬೇಕು.

ಈಗ ಕಾನೂನು ಏನು ಹೇಳುತ್ತಿತ್ತು? ಗುತ್ತಿಗೆಯನ್ನು ‘ಅತ್ಯಂತ ಕಡಿಮೆ ದರ ನಮೂದಿಸಿದ ಹೊಣೆಗಾರ ಟೆಂಡರುದಾರ’ನಿಗೆ ಕೊಡತಕ್ಕದ್ದು. ಸ್ಪರ್ಧೆ ಕಡ್ಡಾಯ, ಟೆಂಡರು ಕಡ್ಡಾಯ. ಸ್ಟೆಫೆನ್ಸ್ ಬೆರಳಿಟ್ಟು ತೋರಿಸುವುದು ‘ಹೊಣೆಗಾರ’ ಎಂಬ ಒಂದೇ ಒಂದು ವಿಶೇಷಣವನ್ನು. ‘ಕಡಿಮೆ’ ಎಂಬುದು ಅಂಕಿಯ ಮಾತು. ಅದನ್ನು ಯಾರು ಬೇಕಾದರೂ ಕೂಡಿ ಕಳೆದು ನೋಡಬಹುದು. ‘ಹೊಣೆಗಾರ’ ಎಂಬುದು ಅಭಿಪ್ರಾಯದ ಮಾತು. ಅದನ್ನು ನಿರ್ಧರಿಸುವವನು ನಿರ್ದೇಶಕ. ಕಡಿಮೆ ದರ ಬರೆದವನು ಹೊಣೆಗಾರನಲ್ಲವೆಂದು ಆತ ಹೇಳಿದರೆ ಸ್ಪರ್ಧೆಯ ವಿಧಿಗಳೆಲ್ಲ ಚಾಚೂ ತಪ್ಪದೆ ನಡೆದಿದ್ದೂ ಕಾಮಗಾರಿ ಹೋಗಬೇಕಾದವನ ಮನೆಗೇ ಹೋಗುತ್ತದೆ. ಇದರ ಹಿಂದೆ ಇನ್ನೊಂದು ಮೆಟ್ಟಿಲಿದೆ. ಕಾಮಗಾರಿಯ ತಾಂತ್ರಿಕ ವಿವರಗಳನ್ನು ಒಬ್ಬನೇ ಪೂರೈಸಬಲ್ಲ ರೀತಿಯಲ್ಲಿ ಬರೆದುಬಿಟ್ಟರೆ ಉಳಿದವರು ಲಕೋಟೆಯನ್ನು ತರುವ ಗೋಜಿಗೇ ಹೋಗುವುದಿಲ್ಲ. ಸ್ಟೆಫೆನ್ಸ್ ಕೊಡುವ ಲೆಕ್ಕದಲ್ಲಿ ಸುಮಾರು 35 ಲಕ್ಷ ಡಾಲರುಗಳ ಡಾಂಬರು ಕಾಮಗಾರಿಗಳ ಪೈಕಿ ಇತರ ಗುತ್ತಿಗೆದಾರರಿಗೆ ದೊರೆತದ್ದು ಸುಮಾರು 33 ಸಾವಿರ ಡಾಲರುಗಳದ್ದು ಮಾತ್ರ. ನೂರಕ್ಕೆ ಒಂದರಷ್ಟೂ ಇಲ್ಲ. ಈ ಅಂಕಿ ಯಾವ ಬೀಗದ ಪೆಟ್ಟಿಗೆಯಲ್ಲಿಯೂ ಅಡಗಿರಲಿಲ್ಲ, ನಗರದ ದಾಖಲೆಗಳಲ್ಲೇ ಬಿದ್ದಿತ್ತು. ಆಲಿವರ್ ಮೆಕ್ಲಿಂಟಾಕ್ ಎಂಬ ವ್ಯಾಪಾರಿ ಈ ಗುತ್ತಿಗೆಗಳನ್ನು ವರ್ಷಗಟ್ಟಲೆ ಬೆನ್ನತ್ತಿದ್ದ. ಸ್ಟೆಫೆನ್ಸ್ ಅವನನ್ನು ಮೆಚ್ಚಿಕೊಂಡಿದ್ದಾನೆ, ನಿಜ. ಆದರೆ ಫೋಕ್‌ಗೆ ಕೊಟ್ಟ ಸ್ಥಳವನ್ನು ಕೊಟ್ಟಿಲ್ಲ. ಕಡತ ಓದುವವನು ರಂಗದ ಮೇಲೆ ಅಷ್ಟು ಶೋಭಿಸುವುದಿಲ್ಲ.

ಇಷ್ಟು ಸೂಕ್ಷ್ಮವಾಗಿ ಕಂಡ ಮೇಲೂ ಸ್ಟೆಫೆನ್ಸ್ ಇದನ್ನೇಕೆ ಕೃತಿಯ ಕೇಂದ್ರಕ್ಕೆ ತರಲಿಲ್ಲ? ಪೀಠಿಕೆಯಲ್ಲಿ ಉತ್ತರವಿದೆ. ತಾನು ವಿಜ್ಞಾನಿಯಲ್ಲ, ಪತ್ರಕರ್ತ; ನಾಗರಿಕರ ಅಭಿಮಾನವನ್ನು ಕೆಣಕುವುದು ತನ್ನ ಉದ್ದೇಶ ಎಂಬ ಅರ್ಥದ ಮಾತುಗಳನ್ನು ಆತ ಅಲ್ಲಿ ಆಡುತ್ತಾನೆ. ವಲಸೆಗಾರರಿಂದಲೇ ನಗರಗಳು ಕೆಟ್ಟವೆಂಬ ಅಂದಿನ ಜನಪ್ರಿಯ ವಾದವನ್ನು ಫಿಲಡೆಲ್ಫಿಯಾದ ನಿದರ್ಶನದಿಂದ ಮುರಿಯುತ್ತಾನೆ. ಇದು ಆ ಕಾಲಕ್ಕೆ ಧೈರ್ಯದ ಮಾತು. ರಾಜಕಾರಣಿಗಿಂತ ವ್ಯಾಪಾರಸ್ಥನೇ ಕೆಟ್ಟ ನಾಗರಿಕ ಎನ್ನುವಲ್ಲಿಯೂ ಒಳನೋಟವಿದೆ. ಆದರೆ ಕೊನೆಗೆ ದೋಷವೆಲ್ಲ ‘ಜನ’ರ ಮೇಲೆ ಬಂದು ನಿಲ್ಲುತ್ತದೆ. ಎಲ್ಲರೂ ತಪ್ಪಿತಸ್ಥರೆಂದ ಮೇಲೆ ‘ಹೊಣೆಗಾರ’ ಎಂಬ ಪದವನ್ನು ಯಾರು ಯಾವ ಉದ್ದೇಶದಿಂದ ಅರ್ಥೈಸಿದರು ಎಂಬ ವಿಚಾರ ಅಪ್ರಧಾನವಾಗುತ್ತದೆ. ಒಟ್ಟು ಸಮಾಜದ ಆತ್ಮಸಾಕ್ಷಿಯನ್ನು ಉದ್ದೇಶಿಸಿ ಬರೆದಾಗ ವಿಶೇಷಣಗಳು ಸಣ್ಣವಾಗಿ ಕಾಣುತ್ತವೆ.

ಇದಕ್ಕೆ ಎದುರಾಗಿ ಇಡಬೇಕಾದ ಪಠ್ಯ 1905ರಲ್ಲಿ ಪ್ರಕಟವಾದ ‘ಪ್ಲಂಕಿಟ್ ಆಫ್ ಟಾಮನಿ ಹಾಲ್’. ನ್ಯೂಯಾರ್ಕಿನ ಟಾಮನಿ ಬಣದ ರಾಜಕಾರಣಿ ಜಾರ್ಜ್ ವಾಷಿಂಗ್ಟನ್ ಪ್ಲಂಕಿಟ್ ಆಡಿದನೆನ್ನಲಾದ ಮಾತುಗಳನ್ನು ವಿಲಿಯಂ ರಿಯೊರ್ಡನ್ ಎಂಬ ಪತ್ರಕರ್ತ ಬರೆದುಕೊಂಡ ಪುಸ್ತಕವಿದು. ಇದರಲ್ಲಿ ಪ್ಲಂಕಿಟನದೆಷ್ಟು, ರಿಯೊರ್ಡನನದೆಷ್ಟು ಎಂಬ ಸಂದೇಹ ವಿದ್ವಾಂಸರಲ್ಲಿದೆ; ಅದನ್ನು ನೆನಪಿನಲ್ಲಿಟ್ಟುಕೊಂಡೇ ಓದಬೇಕು. ಆತ ಉಪನ್ಯಾಸ ನೀಡುತ್ತಿದ್ದ ಪೀಠವೆಂದರೆ ಕೌಂಟಿ ನ್ಯಾಯಾಲಯದ ಕಟ್ಟಡದಲ್ಲಿದ್ದ ಬೂಟು ಪಾಲಿಷಿನ ಕಟ್ಟೆ. ಆ ಕಟ್ಟಡವೋ, ಹಿಂದಿನ ತಲೆಮಾರಿನ ಬಾಸ್ ಟ್ವೀಡ್‌ನ ಕಾಲದಲ್ಲಿ ಸುಳ್ಳು ಬಿಲ್ಲುಗಳಿಗೆ ಕುಖ್ಯಾತವಾದುದು.

ಸ್ಟೆಫೆನ್ಸ್‌ನಿಗೆ ಪ್ರಾಮಾಣಿಕ ಗಳಿಕೆ ಮತ್ತು ಅಪ್ರಾಮಾಣಿಕ ಗಳಿಕೆಗಳ ವ್ಯತ್ಯಾಸ ತಿಳಿಯದೆಂದು ಪ್ಲಂಕಿಟ್ ಆಕ್ಷೇಪಿಸುತ್ತಾನೆ. ಈ ವಿಂಗಡಣೆ ನಗೆ ತರಿಸಬಹುದು. ಆದರೆ ಆತ ಹೇಳುವ ಒಂದು ಪ್ರಸಂಗ ಸ್ಪರ್ಧಾತ್ಮಕ ಹರಾಜಿನ ಬಗ್ಗೆ ಸ್ಟೆಫೆನ್ಸ್‌ನ ಇಡೀ ಪುಸ್ತಕಕ್ಕಿಂತ ಹೆಚ್ಚು ತಿಳಿಸುತ್ತದೆ. ನಗರಾಡಳಿತವು ರಸ್ತೆಯೊಂದರಿಂದ ಕಿತ್ತ ಎರಡೂವರೆ ಲಕ್ಷ ಹಾಸುಗಲ್ಲುಗಳನ್ನು ಹರಾಜಿಗಿಟ್ಟಿತ್ತು. ಪ್ಲಂಕಿಟ್ ಅವುಗಳನ್ನು ಅಗ್ಗಕ್ಕೆ ಹೊಡೆದುಕೊಳ್ಳಬಾರದೆಂದು ಪತ್ರಿಕೆಯೊಂದು ಹೊರ ಊರುಗಳಿಂದ ಸವಾಲುದಾರರನ್ನು ಕರೆಸಿತು. ಆತ ಒಬ್ಬೊಬ್ಬರ ಬಳಿಗೂ ಹೋಗಿ, ನಿಮಗೆಷ್ಟು ಕಲ್ಲು ಬೇಕು ಎಂದು ಕೇಳಿದ. ಒಬ್ಬನಿಗೆ ಇಪ್ಪತ್ತು ಸಾವಿರ, ಒಬ್ಬನಿಗೆ ಹದಿನೈದು, ಇನ್ನೊಬ್ಬನಿಗೆ ಹತ್ತು. ಸವಾಲು ಕೂಗದೆ ಸುಮ್ಮನಿದ್ದರೆ ಅಷ್ಟನ್ನೂ ಪುಕ್ಕಟೆ ಕೊಡುವುದಾಗಿ ಒಪ್ಪಿಸಿದ. ಹರಾಜು ತೊಡಗಿತು, ಎರಡೂವರೆ ಡಾಲರ್ ಎಂದು ಆತ ಕೂಗಿದ. ಎದುರು ಸವಾಲಿಲ್ಲ. ಇಲ್ಲಿ ಯಾವ ಅಧಿಕಾರಿಗೂ ಲಂಚ ಸಂದಿಲ್ಲ. ಪತ್ರಿಕೆಯ ಸದುದ್ದೇಶವೇ ಸ್ಪರ್ಧಿಗಳನ್ನು ತಂದು ಒದಗಿಸಿದೆ. ಸ್ಪರ್ಧಿಗಳು ಹೆಚ್ಚಿದರೆ ಸ್ಪರ್ಧೆ ತಾನಾಗಿ ಹೆಚ್ಚುತ್ತದೆಂಬ ನಂಬಿಕೆಗೆ ಇದಕ್ಕಿಂತ ತೀಕ್ಷ್ಣವಾದ ವಿಮರ್ಶೆಯನ್ನು ನಾನು ಕಂಡಿಲ್ಲ. ಗುತ್ತಿಗೆದಾರರ ಬಾಯಲ್ಲಿ ಇಂದಿಗೂ ಬಳಕೆಯಲ್ಲಿರುವ ‘ರಿಂಗ್’ ಎಂಬ ಮಾತಿನ ಪೂರ್ಣ ವಿವರಣೆ ಈ ಒಂದು ಪುಟದಲ್ಲಿದೆ.

ಇಂಥದನ್ನು ಕಾಣಲು ಸ್ಟೆಫೆನ್ಸ್‌ನಿಗೆ ಪ್ಲಂಕಿಟನ ಸಹವಾಸ ಬೇಕಿರಲಿಲ್ಲ. ಲೇಖನಮಾಲೆ ಆರಂಭವಾಗುವ ಮೂರು ವರ್ಷ ಮೊದಲೇ, 1899ರಲ್ಲಿ, ಅಮೆರಿಕದ ಸುಪ್ರೀಂ ಕೋರ್ಟು ಆಡಿಸ್ಟನ್ ಪೈಪ್ ಮೊಕದ್ದಮೆಯಲ್ಲಿ ತೀರ್ಪು ನೀಡಿತ್ತು. ನಗರಗಳ ನೀರು ಸರಬರಾಜಿಗೆ ಎರಕದ ಕಬ್ಬಿಣದ ಕೊಳವೆಗಳನ್ನು ಒದಗಿಸುತ್ತಿದ್ದ ಆರು ಕಾರ್ಖಾನೆಗಳು ಒಳಗೊಳಗೇ ಒಂದು ಹರಾಜನ್ನು ನಡೆಸಿ ಯಾವ ಗುತ್ತಿಗೆ ಯಾರಿಗೆಂದು ತೀರ್ಮಾನಿಸುತ್ತಿದ್ದವು. ಕೆಲವು ನಗರಗಳು ಕೆಲವು ಕಾರ್ಖಾನೆಗಳಿಗೇ ಮೀಸಲು. ಆ ಬಳಿಕ ಉಳಿದವರು ತೋರಿಕೆಗೆ ಹೆಚ್ಚಿನ ದರ ಬರೆದು ಲಕೋಟೆ ಸಲ್ಲಿಸುತ್ತಿದ್ದರು. ನಗರಸಭೆಯ ಮೇಜಿನ ಮೇಲೆ ಹಲವು ಮೊಹರು ಮಾಡಿದ ಲಕೋಟೆಗಳಿರುತ್ತಿದ್ದವು, ಅತ್ಯಂತ ಕಡಿಮೆ ದರದವನಿಗೇ ಗುತ್ತಿಗೆ ಹೋಗುತ್ತಿತ್ತು. ನಗರ ಪಿತೃಗಳು ಎಷ್ಟೇ ಪ್ರಾಮಾಣಿಕರಾಗಿದ್ದರೂ ಮೋಸ ಹೋಗುವುದು ನಿಶ್ಚಿತವಾಗಿತ್ತು. ಮುದ್ರಿತ ತೀರ್ಪಿನಲ್ಲಿ ಇವೆಲ್ಲ ವಿವರಗಳಿದ್ದವು. ಆದರೆ ಕೊಳವೆ ಕಾರ್ಖಾನೆಗಳಿಗೆ ಮುಖವಿಲ್ಲ, ಒಡ್ಡೋಲಗವಿಲ್ಲ. ನಗರಗಳ ನಾಚಿಕೆಯನ್ನು ಹೇಳಲು ಹೊರಟ ಪುಸ್ತಕದಲ್ಲಿ ಅವುಗಳಿಗೆ ಜಾಗ ದೊರೆಯಲಿಲ್ಲ.

ಕನ್ನಡದ ಓದುಗನಿಗೆ ಇದರಲ್ಲೇನಿದೆ ಎಂಬ ಪ್ರಶ್ನೆ ಸಹಜ. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ಮತ್ತು 2000ದ ಅದರ ನಿಯಮಗಳು ಬಂದ ಮೇಲೆ ನಮ್ಮ ನಗರಾಡಳಿತಗಳಲ್ಲಿಯೂ ಟೆಂಡರು ಸಾಮಾನ್ಯ ನಿಯಮವಾಯಿತು, ಟೆಂಡರಿಲ್ಲದ ಖರೀದಿ ಅಪವಾದವಾಯಿತು. ಮೂಲ ನಿಯಮಗಳಲ್ಲಿ ಎರಡು ಕೋಟಿ ರೂಪಾಯಿವರೆಗಿನ ಟೆಂಡರಿಗೆ 30 ದಿನ, ಅದಕ್ಕೆ ಮೇಲ್ಪಟ್ಟದ್ದಕ್ಕೆ 60 ದಿನಗಳ ಕಾಲಾವಕಾಶ ನಿಗದಿಯಾಗಿತ್ತು. ಅದನ್ನು ಕಡಿತಗೊಳಿಸುವುದಾದರೆ ಮೇಲಿನ ಅಧಿಕಾರಿ ಕಾರಣಗಳನ್ನು ಬರಹದಲ್ಲಿ ದಾಖಲಿಸಬೇಕಿತ್ತು. ಅಧಿನಿಯಮದ 4ನೆಯ ಪ್ರಕರಣ ತುರ್ತು ಸಂದರ್ಭಗಳಿಗೂ ಸರ್ಕಾರ ಅಧಿಸೂಚಿಸುವ ನಿರ್ದಿಷ್ಟ ಸಂಗ್ರಹಣೆಗಳಿಗೂ ವಿನಾಯಿತಿ ನೀಡುತ್ತದೆ. ಪಿಟ್ಸ್‌ಬರ್ಗಿನ ‘ಹೊಣೆಗಾರ’ನನ್ನು ಹುಡುಕಬೇಕಾದದ್ದು ಇಂಥ ಕಡೆ: ಅರ್ಹತಾ ಷರತ್ತುಗಳಲ್ಲಿ, ‘ತುರ್ತು’ ಎಂಬ ಪದದಲ್ಲಿ, ಬರೆದಿಟ್ಟ ಕಾರಣಗಳಲ್ಲಿ. ನಮ್ಮ ಪತ್ರಿಕೆಗಳ ಒಳಪುಟಗಳಲ್ಲಿ ‘ಅಲ್ಪಾವಧಿ ಟೆಂಡರ್ ಪ್ರಕಟಣೆ’ಗಳು ಸಣ್ಣ ಅಕ್ಷರಗಳಲ್ಲಿ ಜಾಹೀರಾತಾಗಿ ಅಚ್ಚಾಗುತ್ತ ಬಂದಿವೆ. ಕಾಮಗಾರಿ ಹಗರಣವಾದ ಮೇಲೆ ಅದು ಮುಖಪುಟಕ್ಕೆ ಬರುತ್ತದೆ, ಮೊತ್ತ ಮತ್ತು ಹೆಸರುಗಳೊಡನೆ. ತನ್ನದೇ ಒಳಪುಟದ ಪ್ರಕಟಣೆಯನ್ನು ವರದಿಗಾರ ಮೊದಲೇ ಪಠ್ಯವೆಂದು ಓದಿದ ಉದಾಹರಣೆಗಳು ವಿರಳ. ಸ್ಟೆಫೆನ್ಸ್‌ನಿಂದ ನಮ್ಮ ಪತ್ರಿಕೋದ್ಯಮಕ್ಕೆ ಸಂದದ್ದು ಸೇಂಟ್ ಲೂಯಿಸ್‌ನ ಎರಡು ಕೀಲಿಗಳು, ಮೆಕ್ಲಿಂಟಾಕ್‌ನ ತಾಳ್ಮೆಯಲ್ಲ.

ಕೊನೆಯದಾಗಿ ‘ಹೊಣೆಗಾರ’ ಪದದ ಇನ್ನೊಂದು ಮಗ್ಗುಲನ್ನು ಗಮನಿಸಬೇಕು. ಆ ವಿಶೇಷಣ ಬರಿಯ ನೆಪವೆಂಬಂತೆ ಸ್ಟೆಫೆನ್ಸ್‌ನನ್ನು ಓದಿದವರಿಗೆ ತೋರುತ್ತದೆ. ಆದರೆ ಕೆಲಸ ಬಾರದವನು ದರವಿಳಿಸಿ ಗುತ್ತಿಗೆ ಹಿಡಿದು, ಅರ್ಧಕ್ಕೆ ಕೈಬಿಟ್ಟು ಹೋಗದಿರಲೆಂದೇ ಕಾನೂನು ಅದನ್ನು ಇಟ್ಟುಕೊಂಡಿದೆ. ತೆಗೆದುಹಾಕಿದರೆ ಬೇರೊಂದು ಬಗೆಯ ನಷ್ಟ. ಫ್ಲಿನ್‌ನ ಮುಂದಿನ ಚರಿತ್ರೆ ಈ ತೊಡಕನ್ನು ಇನ್ನಷ್ಟು ಬಿಗಿಗೊಳಿಸುತ್ತದೆ. 1906ರಲ್ಲಿ ಈ ಬಗೆಯ ಪತ್ರಕರ್ತರನ್ನು ಕೆಸರು ಕೆದಕುವವರೆಂದು ಹಂಗಿಸಿದವನು ಥಿಯೊಡೋರ್ ರೂಸ್‌ವೆಲ್ಟ್. 1912ರಲ್ಲಿ ಅದೇ ರೂಸ್‌ವೆಲ್ಟ್ ಸುಧಾರಣಾವಾದಿ ಪ್ರೋಗ್ರೆಸಿವ್ ಪಕ್ಷವನ್ನು ಕಟ್ಟಿದಾಗ ಪೆನ್ಸಿಲ್ವೇನಿಯಾದಲ್ಲಿ ಆತನ ಬಲಗೈಯಾಗಿ ನಿಂತವನು ವಿಲಿಯಂ ಫ್ಲಿನ್. ಹತ್ತು ವರ್ಷಗಳ ತರುವಾಯ, 1922ರಲ್ಲಿ, ನ್ಯೂಯಾರ್ಕ್ ಮತ್ತು ನ್ಯೂಜೆರ್ಸಿಗಳ ನಡುವೆ ಹಡ್ಸನ್ ನದಿಯ ತಳದಲ್ಲಿ ವಾಹನ ಸುರಂಗವೊಂದನ್ನು ಕೊರೆಯುವ ಗುತ್ತಿಗೆ ಬೂತ್ ಅಂಡ್ ಫ್ಲಿನ್ ಸಂಸ್ಥೆಗೆ ದೊರೆಯಿತು. ಹಾಲಂಡ್ ಟನಲ್ ಎಂಬ ಹೆಸರಿನಲ್ಲಿ ಅದು 1927ರಲ್ಲಿ ಸಂಚಾರಕ್ಕೆ ತೆರೆದುಕೊಂಡಿತು, ಇಂದಿಗೂ ಬಳಕೆಯಲ್ಲಿದೆ.