ಹೊಲಿಗೆ ಇತಿಹಾಸಕ್ಕೆ ಆಧಾರವಾಗಬಲ್ಲುದೆ?

ಉಡುಪಿನ ಇತಿಹಾಸವನ್ನು ಬರೆಯುವವರಿಗೆ ಭಾವಚಿತ್ರಗಳು, ಕಾದಂಬರಿಗಳು, ಪತ್ರಿಕೆಗಳು ಮುಖ್ಯ ಆಕರಗಳು. ಇವು ತೋರಿಸುವುದು ಬಹುಮಟ್ಟಿಗೆ ಮೇಲುಡುಪನ್ನು. ಅದಕ್ಕೆ ಆಕಾರವನ್ನು ಕೊಟ್ಟ ಒಳ ಉಡುಪು ಚಿತ್ರದಲ್ಲಿ ಕಾಣದು. ವಿಕ್ಟೋರಿಯ ರಾಣಿಯ ಆಳ್ವಿಕೆಯ (1837–1901) ಇಂಗ್ಲೆಂಡಿನಲ್ಲಿ ಷಿಮೀಸು, ಚಡ್ಡಿ, ಕಾರ್ಸೆಟ್ ಎಂಬ ಬಿಗಿಕವಚ, ಲಂಗ ಇವೆಲ್ಲ ಒಂದರ ಮೇಲೊಂದಾಗಿ ಸೇರಿದ ಮೇಲೆಯೇ ಸ್ತ್ರೀಯ ಉಡುಪು ರೂಪುಗೊಳ್ಳುತ್ತಿತ್ತು. ಇತ್ತೀಚಿನ ದಶಕಗಳಲ್ಲಿ ಇಂಗ್ಲೆಂಡ್, ಅಮೆರಿಕಗಳಲ್ಲಿ ಹಲವರು ಇವನ್ನು ಮನೆಯಲ್ಲಿಯೇ ಹೊಲಿದು, ಧರಿಸಿ, ತಮ್ಮ ಅನುಭವವನ್ನು ಬರೆಯುತ್ತಿದ್ದಾರೆ. ಇದನ್ನು ವಿನೋದವೆಂದು ತಳ್ಳಿಹಾಕಬೇಕೆ, ಇತಿಹಾಸದ ಆಧಾರವೆಂದು ಪರಿಗಣಿಸಬೇಕೆ ಎಂಬುದೇ ಪ್ರಸ್ತುತ ವಿಚಾರ.

ಈ ವಿಷಯದಲ್ಲಿ ಎರಡು ಗ್ರಂಥಗಳು ಎರಡು ಮಾರ್ಗಗಳನ್ನು ಪ್ರತಿನಿಧಿಸುತ್ತವೆ. ಕನಿಂಗ್‌ಟನ್ ದಂಪತಿಗಳು 1951ರಲ್ಲಿ ಪ್ರಕಟಿಸಿದ ಒಳ ಉಡುಪುಗಳ ಇತಿಹಾಸವು, ಜನರು ಇವನ್ನು ಏಕೆ ಧರಿಸಿದರೆಂದು ಕೇಳುತ್ತದೆ. ಚಳಿಯಿಂದ ರಕ್ಷಣೆ, ಮೇಲುಡುಪಿಗೆ ಆಧಾರ, ಶುಚಿತ್ವ, ಶೃಂಗಾರ, ವರ್ಗಭೇದ ಎಂಬ ಉತ್ತರಗಳನ್ನು ಕೊಡುತ್ತದೆ. ವಿವೇಚನೆ ಸ್ಪಷ್ಟವಾಗಿದೆ, ಆದರೆ ಇಲ್ಲಿ ಧರಿಸಿದವಳು ಕಾಣುವಷ್ಟು ಹೊಲಿದವಳು ಕಾಣುವುದಿಲ್ಲ. 1954ರಲ್ಲಿ ಬಂದ ನೋರಾ ವಾ ಅವರ 'ಕಾರ್ಸೆಟ್ಸ್ ಅಂಡ್ ಕ್ರಿನೊಲಿನ್ಸ್' ಉಳಿದುಬಂದ ಉಡುಪುಗಳನ್ನು ಅಳೆದು ಅವುಗಳ ಕತ್ತರಿಕೆಯ ನಕ್ಷೆಗಳನ್ನು ಕೊಡುತ್ತದೆ. ಓದುಗನು ಕತ್ತರಿ ಹಿಡಿದು ಪರೀಕ್ಷಿಸಬಹುದಾದ ಇತಿಹಾಸವಿದು. ಇದೇ ಅದರ ಹಿರಿಮೆ.

ಇಂಥ ಪರೀಕ್ಷೆಯಿಂದ ಲಾಭವೇನು? ಒಂದು ಉದಾಹರಣೆಯನ್ನು ನೋಡೋಣ. 1838ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ 'ದಿ ವರ್ಕ್‌ವುಮನ್ಸ್ ಗೈಡ್' ಗೃಹಿಣಿಯರಿಗಾಗಿ ಬರೆದ ಹೊಲಿಗೆಯ ಕೈಪಿಡಿ. ಅದರ ಅಳತೆ 'ನೇಲ್' ಎಂಬುದು. ಗಜದ ಹದಿನಾರನೆಯ ಒಂದು ಪಾಲು, ಅಂದರೆ 2¼ ಅಂಗುಲ. ಆ ಕಾಲದ ಕ್ರಮದಂತೆ ನಾನು ಲಾಂಗ್‌ಕ್ಲಾತಿನಲ್ಲಿ ಒಂದು ಷಿಮೀಸನ್ನು ಕತ್ತರಿಸಿ ಕೈಯಿಂದ ಹೊಲಿದೆನು. ತುಂಡುಗಳು ಬಹುತೇಕ ಆಯತ, ಚೌಕ, ತ್ರಿಕೋನಗಳಾದುದರಿಂದ ಕೊನೆಯಲ್ಲಿ ಉಳಿದ ಚೂರು ಅತ್ಯಲ್ಪ. ಕಂಕುಳಿನ ಚೌಕ ತುಂಡನ್ನು ಕೂಡಿಸುವ ಮೊದಲು ತೋಳೆತ್ತಿದರೆ ಅಂಗಿಯೆಲ್ಲ ಮೇಲೆ ಬರುತ್ತಿತ್ತು. ಕೂಡಿಸಿದ ಮೇಲೆ ತೋಳು ಸ್ವತಂತ್ರವಾಯಿತು. ಚಿತ್ರದಲ್ಲಿ ಅಲಂಕಾರವೆಂದು ತೋರಬಹುದಾದ ಆ ತುಂಡು ದುಡಿಯುವ ತೋಳಿಗಾಗಿ ಇಟ್ಟದ್ದು. ಎಲಿಯಸ್ ಹೋವೆ ಹೊಲಿಗೆಯಂತ್ರಕ್ಕೆ ಪೇಟೆಂಟ್ ಪಡೆದದ್ದು 1846ರಲ್ಲಿ. ಅದಕ್ಕೂ ಹಿಂದಿನ ಗೃಹಿಣಿ ತನ್ನ ಕುಟುಂಬಕ್ಕೆ ಇಂಥ ಅಂಗಿಗಳನ್ನು ಡಜನ್ನುಗಟ್ಟಲೆ ಹೊಲಿಯುತ್ತಿದ್ದಳೆಂಬ ಮಾತಿನ ಭಾರ ನನಗೆ ತಿಳಿದದ್ದು ಒಂದೇ ಅಂಗಿಯನ್ನು ಮುಗಿಸಿದ ಬಳಿಕ.

ಆದಾಗ್ಯೂ ಈ ಮಾರ್ಗಕ್ಕೆ ಮಿತಿಯುಂಟು. ಕೆಲವರು ಕಾರ್ಸೆಟನ್ನು ಹೊಲಿದು, ಒಂದು ಮಧ್ಯಾಹ್ನ ಧರಿಸಿ, ಅದು ಹಿತವಾಗಿಯೇ ಇತ್ತೆಂದೂ ಆ ಕಾಲದ ದೂರುಗಳೆಲ್ಲ ಉತ್ಪ್ರೇಕ್ಷೆಯೆಂದೂ ತೀರ್ಮಾನಿಸುತ್ತಾರೆ. ಇದು ತರ್ಕದೋಷ. ತನ್ನ ಮೈಯ ಅಳತೆಗೆ ತಾನೇ ಹೊಲಿದು, ಬೇಡವೆನಿಸಿದಾಗ ಬಿಚ್ಚಿಡುವವಳ ಅನುಭವ ಬೇರೆ. ಬಾಲ್ಯದಿಂದ ಧರಿಸಿ, ಬಿಚ್ಚುವ ಸ್ವಾತಂತ್ರ್ಯವಿಲ್ಲದವಳ ಅನುಭವ ಬೇರೆ. ಇದಕ್ಕೆ ಪ್ರತಿಯಾಗಿ, ವಸ್ತುಸಂಗ್ರಹಾಲಯದ ಕಾರ್ಸೆಟಿನ ಸಣ್ಣ ಅಳತೆಯನ್ನೇ ಧರಿಸಿದವಳ ನಡುವಿನ ಅಳತೆಯೆನ್ನುವುದೂ ತಪ್ಪು. ಬೆನ್ನಿನ ಲಾಡಿಯ ನಡುವೆ ತೆರಪು ಬಿಟ್ಟು ಧರಿಸಬಹುದಾಗಿತ್ತೆಂಬುದನ್ನು ವ್ಯಾಲರಿ ಸ್ಟೀಲ್ ತಮ್ಮ 2001ರ ಗ್ರಂಥದಲ್ಲಿ ನೆನಪಿಸಿದ್ದಾರೆ.

ಆದುದರಿಂದ ಯಾವ ಪ್ರಶ್ನೆಗೆ ಸೂಜಿ ಉತ್ತರಿಸಬಲ್ಲುದು ಎಂಬ ವಿವೇಕ ಅಗತ್ಯ. 1881ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾದ ರ‍್ಯಾಷನಲ್ ಡ್ರೆಸ್ ಸೊಸೈಟಿಯು ಒಳ ಉಡುಪುಗಳ ಒಟ್ಟು ತೂಕ 7 ಪೌಂಡುಗಳನ್ನು ಮೀರಬಾರದೆಂದಿತು. ಈ ಮಿತಿಯ ಅರ್ಥವನ್ನು ಇಂದು ಹೊಲಿದ ಉಡುಪುಗಳನ್ನು ತಕ್ಕಡಿಯಲ್ಲಿಟ್ಟು ತಿಳಿಯಬಹುದು. ಆದರೆ ಆ ಸ್ತ್ರೀಯರು ಏಕೆ ದನಿಯೆತ್ತಿದರೆಂಬುದನ್ನು ತಕ್ಕಡಿ ಹೇಳಲಾರದು; ಅದಕ್ಕೆ ಅವರ ಬರಹಗಳೇ ಗತಿ. ಉಡುಪು ಹೇಗೆ ಆಯಿತು, ಹೇಗೆ ಚಲಿಸಿತು, ಎಷ್ಟು ದುಡಿಮೆಯನ್ನು ಬೇಡಿತು ಎಂಬಲ್ಲಿ ಹೊಲಿಗೆಯ ಸಾಕ್ಷ್ಯವನ್ನು ನಾವು ಗೌರವದಿಂದ ಸ್ವೀಕರಿಸಬೇಕು. ಅದರೊಳಗಿನ ಬಾಳು ಹೇಗಿತ್ತೆಂಬಲ್ಲಿ ಅದು ದಾಖಲೆಯ ಎದುರು ತಲೆಬಾಗಬೇಕು.